ಬೇಡವಾದ ಚರಂಡಿ ಹಕ್ಕನ್ನು ನಗರಸಭೆ ಬಿಟ್ಟುಕೊಟ್ಟ ಬಗೆ: ಕಾಸರಗೋಡಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಒಂದು ನಗರಸಭೆಯ ವ್ಯಾಪ್ತಿಯಲ್ಲಿ, ಖಾಸಗಿ ಜಾಗದ ನಡುವೆ ಹಾದುಹೋಗಿದ್ದ ಹಳೆಯ ಚರಂಡಿ ಪೈಪಿನ ಹಕ್ಕನ್ನು ನಗರಸಭೆಯು ನೋಂದಾಯಿತ ದಸ್ತಾವೇಜಿನ ಮೂಲಕ ಜಾಗದ ಒಡತಿಗೆ ಬಿಟ್ಟುಕೊಟ್ಟ ಪ್ರಕರಣವಿದು. ಬೇರೊಬ್ಬರ ಜಾಗದ ಮೇಲೆ ದಾರಿ, ನೀರು, ಪೈಪು ಮುಂತಾದ ನಿರ್ದಿಷ್ಟ ಉಪಯೋಗಕ್ಕಾಗಿ ಇರುವ ಅನುಭೋಗದ ಹಕ್ಕು, ಅಂದರೆ ಎಲ್ಲರ ಬಾಯಲ್ಲಿರುವ ಈಸ್‌ಮೆಂಟ್, ಊರೂರಲ್ಲೂ ಇದೆ. ಜಾಗ ಮಾರುವಾಗ, ಅಡವಿಡುವಾಗ, ಮನೆ ಕಟ್ಟಲು ಹೊರಟಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಹಳೆಯ ಕನ್ನಡ ಆಧಾರಗಳನ್ನು, ಅಂದರೆ ದಸ್ತಾವೇಜುಗಳನ್ನು, ಓದಿ ಮಲಯಾಳದಲ್ಲಿ ಸಾರ ಬರೆದುಕೊಡುವ ಕೆಲಸದ ನಿಮಿತ್ತ ನಾನು ಈ ಕಡತದೊಳಗೆ ಬಂದವನು. ಮೊದಲಿನಿಂದ ಕೊನೆಯವರೆಗಿನ ಕಾಗದಪತ್ರಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಕುಟುಂಬದ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಸ್ಥಳ, ಅಳತೆ ಮತ್ತು ಕಾಲದ ವಿವರಗಳನ್ನು ಪ್ರಕರಣದ ತಿರುಳಿಗೆ ಧಕ್ಕೆ ಬಾರದಷ್ಟು ಬದಲಿಸಲಾಗಿದೆ.

ಹಿನ್ನೆಲೆ

ಜಾಗದ ವಿಸ್ತೀರ್ಣ 22 ಸೆಂಟ್ಸ್. ಪೂರ್ವಕ್ಕೆ ಸಾರ್ವಜನಿಕ ರಸ್ತೆ, ಪಶ್ಚಿಮಕ್ಕೆ ತೋಡು (ಹಳ್ಳ), ನಡುವೆ ಇಳಿಜಾರಾದ ಮುರಕಲ್ಲಿನ ನೆಲ. ಉತ್ತರಕ್ಕೆ, ಸ್ವಲ್ಪ ಎತ್ತರದಲ್ಲಿ, ಎರಡು ಮನೆಗಳಿವೆ. ಈಗಿನ ಒಡತಿಯ ತಂದೆ ಈ ಜಾಗವನ್ನು ಮೊದಲು ಗೇಣಿಗೆ ಮಾಡಿಕೊಂಡಿದ್ದರು. ಕೇರಳದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕ ಭೂನ್ಯಾಯಮಂಡಳಿಯಿಂದ ಪಟ್ಟಯ (ಭೂಮಿಯ ಹಕ್ಕುಪತ್ರ) ಪಡೆದು ಪೂರ್ಣ ಹಕ್ಕುದಾರರಾದರು. ಪಟ್ಟಯದಲ್ಲಿ 22 ಸೆಂಟ್ಸ್ ಇಡಿಯಾಗಿ ಅವರ ಹೆಸರಿಗೆ ಬಂದಿತ್ತೆಂಬುದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅದೇ ದಶಕದ ಕೊನೆಯಲ್ಲಿ ರಸ್ತೆಯ ನೀರು ಮಳೆಗಾಲದಲ್ಲಿ ಅಂಗಡಿಗಳ ಜಗಲಿಗೆ ನುಗ್ಗುತ್ತಿದ್ದುದರಿಂದ, ಅಂದಿನ ಸ್ಥಳೀಯ ಸಂಸ್ಥೆಯು ಆ ನೀರನ್ನು ತೋಡಿಗೆ ಬಿಡಲು ಇವರ ಜಾಗದಲ್ಲಿ ಪೈಪು ಹಾಕುವುದಕ್ಕೆ ಅನುಮತಿ ಕೇಳಿತು. ತಂದೆಯವರು ಒಪ್ಪಿದ್ದಷ್ಟೇ ಅಲ್ಲ, ಕನ್ನಡದಲ್ಲಿ ಒಂದು ದಸ್ತಾವೇಜು ಬರೆಸಿ, ಯಾವ ಪ್ರತಿಫಲವನ್ನೂ ಪಡೆಯದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಕೊಟ್ಟರು. ಎರಡೂವರೆ ಮೀಟರ್ ಅಗಲ, ನಲವತ್ತು ಮೀಟರ್ ಉದ್ದದ ಪಟ್ಟಿಯಲ್ಲಿ ರಸ್ತೆಯ ನೀರು ಹೊರಹೋಗಲು ಪೈಪು ಹಾಕುವುದಕ್ಕೂ ದುರಸ್ತಿಗೆ ಆಳುಗಳನ್ನು ಕಳುಹಿಸುವುದಕ್ಕೂ ಸಂಸ್ಥೆಗೆ ಹಕ್ಕುಂಟು, ಆ ಪಟ್ಟಿಯ ಮೇಲೆ ಜಾಗದ ಒಡೆಯರು ಕಟ್ಟಡ ಕಟ್ಟಬಾರದು ಎಂಬುದು ಅದರ ಸಾರಾಂಶ. ನೂರು ಚದರ ಮೀಟರ್ ಎಂದರೆ ಒಂದು ಆರ್, ಅಂದರೆ ಸುಮಾರು ಎರಡೂವರೆ ಸೆಂಟ್ಸ್. ಪಟ್ಟಿಯು ಬದಿಯಲ್ಲಿ ಹೋಗದೆ, ಇಳಿಜಾರನ್ನು ಹಿಡಿದು ಜಾಗದ ಸರಿನಡುವೆ ಹೋಗಿತ್ತು. ಅಂದು ಅಲ್ಲಿದ್ದದ್ದು ಹತ್ತಾರು ತೆಂಗಿನ ಮರಗಳಾದ್ದರಿಂದ ಯಾರಿಗೂ ಅದು ತೊಂದರೆ ಎನಿಸಿರಲಿಲ್ಲ.

ವರ್ಷಗಳ ನಂತರ ರಸ್ತೆ ಅಗಲವಾಯಿತು. ಬದಿಯಲ್ಲಿ ಸ್ಲ್ಯಾಬ್ ಮುಚ್ಚಿದ ಕಾಂಕ್ರೀಟ್ ಚರಂಡಿ ಬಂತು. ನೀರನ್ನು ದಕ್ಷಿಣದ ಮೋರಿಯ ಮೂಲಕ ತೋಡಿಗೆ ಬಿಡಲಾಯಿತು. ಹಳೆಯ ಪೈಪಿನ ರಸ್ತೆ ಬದಿಯ ಬಾಯನ್ನು ಕೆಲಸಗಾರರು ಕಾಂಕ್ರೀಟಿನಿಂದ ಮುಚ್ಚಿದರು. ಪೈಪು ಮಣ್ಣಿನಡಿಯಲ್ಲಿ ಉಳಿಯಿತು, ಹಕ್ಕು ಕಾಗದದಲ್ಲಿ ಉಳಿಯಿತು.

ಸಮಸ್ಯೆ ಎದುರಾದದ್ದು

ತಂದೆಯ ಕಾಲಾನಂತರ ಪಾಲಿನಲ್ಲಿ ಈ ಜಾಗ ಮಗಳಿಗೆ ಬಂತು. ಅವರು ಮನೆ ಕಟ್ಟಲು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದರು. ಬ್ಯಾಂಕ್ ಕೇಳಿದ್ದು 30 ವರ್ಷಗಳ ಬಾಧ್ಯತಾ ಪ್ರಮಾಣಪತ್ರವನ್ನು, ಅಂದರೆ ಆ ಅವಧಿಯಲ್ಲಿ ಜಾಗದ ಬಗ್ಗೆ ನೋಂದಣಿಯಾದ ಪತ್ರಗಳ ವಿವರವನ್ನು. ತಂದೆಯವರ ದಸ್ತಾವೇಜು ಅದಕ್ಕಿಂತ ಹಳೆಯದಾದ್ದರಿಂದ ಪ್ರಮಾಣಪತ್ರ ಸ್ವಚ್ಛವಾಗಿಯೇ ಬಂತು. ಆದರೆ ಬ್ಯಾಂಕಿನ ವಕೀಲರು ಪಾಲುಪತ್ರದ ಷೆಡ್ಯೂಲನ್ನು ಕೊನೆಯ ಸಾಲಿನವರೆಗೆ ಓದುವವರು. ಚಕ್ಕುಬಂದಿಯ ನಂತರ, ಪಾಲುಪತ್ರ ಬರೆದವರು ಪ್ರಾಮಾಣಿಕವಾಗಿ ಸೇರಿಸಿದ್ದ ಅರ್ಧ ವಾಕ್ಯವೊಂದಿತ್ತು: ಈ ಜಾಗವು ಚರಂಡಿ ಪೈಪಿನ ಹಕ್ಕಿಗೆ ಒಳಪಟ್ಟಿದೆ ಎಂದು. ಆ ಹಕ್ಕು ಯಾವುದು, ಯಾರದು, ಈಗ ಇದೆಯೇ ಎಂಬುದು ಸ್ಪಷ್ಟವಾಗುವವರೆಗೆ ಅಡವು ಸ್ವೀಕರಿಸುವಂತಿಲ್ಲ ಎಂದು ಅವರು ಅಭಿಪ್ರಾಯ ಬರೆದರು. ಮೂಲ ದಸ್ತಾವೇಜಿನ ನಕಲು ತೆಗೆಸಿ ನೋಡಿದಾಗ, ಮನೆಯ ನಕ್ಷೆಯಲ್ಲಿದ್ದ ಅಡುಗೆಮನೆಯೂ ಒಂದು ಮಲಗುವ ಕೋಣೆಯೂ ಆ ಪಟ್ಟಿಯ ಮೇಲೆಯೇ ಬರುತ್ತಿದ್ದವು.

ಕಟ್ಟಡ ಪರವಾನಗಿಯ ಅರ್ಜಿಗೂ ಇದೇ ಗತಿಯಾಯಿತು. ಒಂದೇ ನಗರಸಭೆಯ ಒಂದು ವಿಭಾಗ ಪೈಪಿನ ಬಾಯಿ ಮುಚ್ಚಿ ವರ್ಷಗಳಾಗಿದ್ದರೂ, ಇನ್ನೊಂದು ವಿಭಾಗದ ದೃಷ್ಟಿಯಲ್ಲಿ ಪೈಪು ಜೀವಂತವಾಗಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಚರಂಡಿ ಕಟ್ಟುವ ಕಡತಕ್ಕೂ ಹಕ್ಕಿನ ಕಡತಕ್ಕೂ ಕಚೇರಿಗಳಲ್ಲಿ ಸಂಬಂಧವೇ ಇರುವುದಿಲ್ಲ.

ಇದ್ದ ದಾರಿಗಳು

ಕಂಟ್ರಾಕ್ಟರರ ಸಲಹೆ ನೇರವಾಗಿತ್ತು: ಸತ್ತ ಪೈಪನ್ನು ಕಿತ್ತು ಬಿಸಾಡಿ ಮನೆಯ ಪಂಚಾಂಗ (ಅಡಿಪಾಯ) ಹಾಕುವುದು, ಕೇಳಿದವರಿಗೆ ಆಮೇಲೆ ಉತ್ತರ ಹೇಳುವುದು. ಸಾಲವೂ ಪರವಾನಗಿಯೂ ಬೇಡದವರಿಗೆ ಮಾತ್ರ ಒಪ್ಪುವ ಸಲಹೆ ಇದು. ಪರವಾನಗಿ ನಿರಾಕರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸಬಹುದಿತ್ತು. ಆದರೆ ಸ್ಥಳೀಯಾಡಳಿತ ನ್ಯಾಯಮಂಡಳಿ ಇರುವುದು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರದಲ್ಲಿ, ಮತ್ತು ಅಲ್ಲಿ ಗೆದ್ದರೂ ಬ್ಯಾಂಕಿನ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಗಂಭೀರವಾಗಿ ಚರ್ಚೆಗೆ ಬಂದದ್ದು ಸಿವಿಲ್ ದಾವೆ. ಹಕ್ಕು ಅಳಿದಿದೆ ಎಂದು ಮುನ್ಸಿಫ್ ನ್ಯಾಯಾಲಯದಿಂದ ಘೋಷಣೆ ಪಡೆಯಬಹುದೇ ಎಂದು ಕುಟುಂಬದವರು ಕೇಳಿದಾಗ, ಅವರ ವಕೀಲರು 1882ರ ಭಾರತೀಯ ಈಸ್‌ಮೆಂಟ್ಸ್ ಕಾಯಿದೆಯನ್ನು ಮುಂದಿಟ್ಟುಕೊಂಡು ಕೊಟ್ಟ ವಿವರಣೆಯನ್ನು ಇಲ್ಲಿ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಇಂತಹ ಸನ್ನಿವೇಶದಲ್ಲಿ ಬಹಳ ಜನ ದಾರಿ ತಪ್ಪುವುದು ಇಲ್ಲಿಯೇ. ಈ ಕಾಯಿದೆ ಆರಂಭದಲ್ಲಿ ಜಾರಿಗೆ ಬಂದದ್ದು ಮದರಾಸು, ಮಧ್ಯಪ್ರಾಂತ್ಯ ಮತ್ತು ಕೊಡಗಿನಲ್ಲಿ ಮಾತ್ರ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, ಆ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ, ಇಲ್ಲಿನ ಜಾಗಗಳಿಗೆ ಅದು ಮೊದಲಿನಿಂದಲೂ ಅನ್ವಯಿಸುತ್ತ ಬಂದಿದೆ.

ಬಳಸದೆ ಬಿಟ್ಟ ಹಕ್ಕು ತಾನಾಗಿ ಹೋಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಕಾಯಿದೆಯ 47ನೆಯ ಕಲಮಿನ ಪ್ರಕಾರ ಅದು ಹೋಗುವುದು ಎಡೆಬಿಡದೆ 20 ವರ್ಷ ಅನುಭೋಗ ನಿಂತರೆ ಮಾತ್ರ. ಹೊಸ ಚರಂಡಿ ಬಂದು ಇನ್ನೂ 20 ವರ್ಷ ತುಂಬಿರಲಿಲ್ಲ. ಬರಿದೇ ಬಳಸದಿರುವುದನ್ನು ಬಿಟ್ಟುಕೊಟ್ಟದ್ದೆಂದು ತಿಳಿಯುವಂತಿಲ್ಲವೆಂದು 38ನೆಯ ಕಲಮಿನ ವಿವರಣೆ ಹೇಳುತ್ತದೆ. ನಿರುಪಯುಕ್ತವಾದ ಹಕ್ಕು ಅಳಿಯುತ್ತದೆ ಎನ್ನುವ 42ನೆಯ ಕಲಮು ಕೇಳಲು ಹಿತವಾಗಿದೆಯಾದರೂ, ಯಾವ ಕಾಲಕ್ಕೂ ಯಾವ ಸಂದರ್ಭದಲ್ಲೂ ಹಕ್ಕುದಾರರ ಸ್ವತ್ತಿಗೆ ಪ್ರಯೋಜನವಾಗದು ಎಂದು ಸಿದ್ಧಪಡಿಸಬೇಕೆಂಬ ಷರತ್ತು ಅದರೊಳಗೇ ಇದೆ. ಮುಂದೊಂದು ದಿನ ರಸ್ತೆ ಚರಂಡಿ ಕಟ್ಟಿಕೊಂಡರೆ ಹಳೆಯ ಪೈಪು ಬೇಕಾಗಬಹುದು ಎಂದು ನಗರಸಭೆ ಒಂದೇ ವಾಕ್ಯ ಬರೆದರೂ ಆ ವಾದ ಬಿದ್ದುಹೋಗುತ್ತಿತ್ತು. ಇದು ಈಸ್‌ಮೆಂಟೇ ಅಲ್ಲ, ಕೇವಲ ಅನುಮತಿ, ಉದ್ದೇಶ ಕೈಬಿಟ್ಟೊಡನೆ ರದ್ದಾಗಿದೆ ಎಂದು ವಾದಿಸಲು 62ನೆಯ ಕಲಮಿನಲ್ಲಿ ಎಡೆಯಿದ್ದರೂ, ಪೈಪು ಇದ್ದದ್ದು ರಸ್ತೆಯೆಂಬ ನಿರ್ದಿಷ್ಟ ಸ್ವತ್ತಿನ ಅನುಕೂಲಕ್ಕಾದ್ದರಿಂದ ಆ ವಾದವೂ ಗಟ್ಟಿಯಲ್ಲ ಎಂದು ವಕೀಲರು ಕಂಡರು.

ಹೀಗಾಗಿ ಹಕ್ಕು ಸತ್ತಿದೆ ಎಂದು ಸಾಧಿಸುವುದನ್ನು ಬಿಟ್ಟು, ಹಕ್ಕುಳ್ಳವರಿಂದಲೇ ಅದನ್ನು ಬಿಡಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಈ ಪ್ರಕರಣದ ಮೊದಲ ತಿರುವು ಇದೇ. ದಾವೆಯ ನೋಟೀಸು ಹೋಗಿದ್ದರೆ ನಗರಸಭೆ ಸಹಜವಾಗಿಯೇ ಪ್ರತಿವಾದಿಯ ನಿಲುವು ತಾಳಿ, ತನಗೆ ಬೇಡವಾದ ಪೈಪನ್ನೂ ಸಮರ್ಥಿಸಿಕೊಳ್ಳಬೇಕಾಗುತ್ತಿತ್ತು. ಕಚೇರಿಯೊಂದು ಒಮ್ಮೆ ಲಿಖಿತವಾಗಿ ಬೇಕು ಎಂದದ್ದನ್ನು ಮತ್ತೆ ಬೇಡ ಎನ್ನುವಂತೆ ಮಾಡುವುದು ಎಷ್ಟು ಕಷ್ಟವೆಂದು ಕಡತಗಳ ನಡುವೆ ಬದುಕಿದವರಿಗೆ ಗೊತ್ತಿದೆ.

ಆಸ್ತಿ ರಿಜಿಸ್ಟರಿನ ಒಂದು ಸಾಲು

ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು, ಮಲಯಾಳದ ಸಾರವನ್ನು ಜೊತೆಗಿರಿಸಿ ಕಾರ್ಯದರ್ಶಿಗೆ ಸಲ್ಲಿಸಲಾಯಿತು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಲು ಸಂವಿಧಾನದ 350ನೆಯ ಅನುಚ್ಛೇದ ಹಕ್ಕು ಕೊಟ್ಟಿದೆ. ಆದರೂ ಮಲಯಾಳದ ಸಾರ ಜೊತೆಗಿದ್ದರೆ ಭಾಷಾಂತರಕ್ಕೆಂದು ಕಡತ ಎಲ್ಲಿಯೂ ತಂಗುವುದಿಲ್ಲವೆಂಬುದು ಇಲ್ಲಿನ ಅನುಭವ.

ಉತ್ತರ ಬಂದಾಗ ಎಲ್ಲರಿಗೂ ಅಚ್ಚರಿಯಾಯಿತು. ನಗರಸಭೆಯ ಭೂಮಿಯನ್ನು ಖಾಸಗಿಯವರಿಗೆ ಪರಭಾರೆ ಮಾಡಲು ಸರಕಾರದ ಅನುಮತಿ ಬೇಕು, ನ್ಯಾಯಬೆಲೆಗೆ (ಜಾಗಕ್ಕೆ ಸರಕಾರ ನಿಗದಿಪಡಿಸಿದ ಬೆಲೆಗೆ) ಕಡಿಮೆಯಾಗದ ಮೊತ್ತ ಕಟ್ಟಬೇಕಾಗುತ್ತದೆ ಎಂದು ಅದರಲ್ಲಿತ್ತು. ಕೇಳಿದ್ದು ಹಕ್ಕಿನ ಖುಲಾಸೆ, ಅಂದರೆ ಅದನ್ನು ಬಿಟ್ಟುಕೊಡುವುದನ್ನು, ಉತ್ತರ ಬಂದದ್ದು ಭೂಮಿ ಮಾರಾಟದ ಬಗ್ಗೆ. ಕಾರಣ ತಿಳಿಯಲು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆಸ್ತಿ ರಿಜಿಸ್ಟರಿನ ನಕಲನ್ನು ಕೇಳಲಾಯಿತು. ಬಂದ ಪುಟದಲ್ಲಿ, ಎರಡು ರಸ್ತೆಗಳ ಮತ್ತು ಒಂದು ಸಾರ್ವಜನಿಕ ಬಾವಿಯ ನಡುವೆ, ಇದೇ ಸರ್ವೆ ನಂಬರಿನ ಎದುರು 'ಚರಂಡಿ ಜಾಗ, ಒಂದು ಆರ್, ನಗರಸಭೆಯದ್ದು' ಎಂಬ ಅರ್ಥದ ಮಲಯಾಳ ನಮೂದಿತ್ತು. ಹಳೆಯ ರಿಜಿಸ್ಟರನ್ನು ಹೊಸದಕ್ಕೆ ಇಳಿಸುವಾಗ 'ಹಕ್ಕು' ಎಂದಿದ್ದ ಅಂಕಣ 'ಭೂಮಿ' ಆಗಿಬಿಟ್ಟಿತ್ತು.

ಈ ಹಂತದಲ್ಲಿ ಕುಟುಂಬದ ಒಬ್ಬರು ಹಣ ಕಟ್ಟಿ ಮುಗಿಸಿಬಿಡೋಣ ಎಂದರು. ಕೇರಳದಲ್ಲಿ 2010ರಿಂದ ಜಾರಿಯಲ್ಲಿರುವ ನ್ಯಾಯಬೆಲೆ ಆರ್ ಲೆಕ್ಕದಲ್ಲಿರುವುದರಿಂದ ಮೊತ್ತವನ್ನು ಲೆಕ್ಕ ಹಾಕುವುದು ಸುಲಭವಾಗಿತ್ತು, ಸಾಲದ ಜೊತೆ ಅದನ್ನು ಹೊಂದಿಸಲೂಬಹುದಿತ್ತು. ಆದರೆ ಹಣ ಕಟ್ಟುವುದೆಂದರೆ ತಮ್ಮದೇ ಜಾಗ ನಗರಸಭೆಯದ್ದಾಗಿತ್ತೆಂದು ಒಪ್ಪಿಕೊಂಡಂತೆ. ಹಾಗಾದರೆ ಪಟ್ಟಯವೂ ಪಾಲುಪತ್ರವೂ ಅಷ್ಟರಮಟ್ಟಿಗೆ ತಪ್ಪೆಂದಾಗುತ್ತದೆ, ಒಂದು ತೊಡಕು ಬಿಡಿಸಲು ಹೋಗಿ ಇನ್ನೊಂದನ್ನು ಕಟ್ಟಿಕೊಂಡಂತಾಗುತ್ತದೆ ಎಂದು ಒಡತಿ ನಿರಾಕರಿಸಿದರು. ಈ ನಿರಾಕರಣೆ ಹಣ ಉಳಿಸುವುದಕ್ಕಿಂತ ದೊಡ್ಡ ಕೆಲಸ ಮಾಡಿತೆಂದೇ ನನ್ನ ಅಭಿಪ್ರಾಯ.

ಬದಲಿಗೆ ಅವರು ನಾಲ್ಕು ದಾಖಲೆಗಳನ್ನು ಒಟ್ಟಿಗೆ ಸಲ್ಲಿಸಿದರು: 22 ಸೆಂಟ್ಸಿನ ಪಟ್ಟಯ, ಅಷ್ಟೇ ವಿಸ್ತೀರ್ಣಕ್ಕೆ ತಂದೆಯ ಕಾಲದಿಂದ ಈವರೆಗೆ ಕಟ್ಟಿದ ತೀರ್ವೆಯ (ಭೂಕಂದಾಯದ) ರಶೀದಿಗಳು, ವಿಲ್ಲೇಜ್ ಆಫೀಸಿನ ಕೈವಶ ಪ್ರಮಾಣಪತ್ರ ಮತ್ತು ಮೂಲ ದಸ್ತಾವೇಜಿನ ದೃಢೀಕೃತ ನಕಲು. ರಶೀದಿಗಳಲ್ಲಿ ಹಳೆಯವು ಎಣ್ಣೆಕಾಗದದಷ್ಟು ತೆಳುವಾಗಿದ್ದು, ಮಡಿಕೆಯಲ್ಲಿ ಹರಿದಿದ್ದವನ್ನು ಒಡತಿಯ ತಾಯಿ ಅಕ್ಕಿ ಗಂಜಿಯ ಅಂಟಿನಿಂದ ಬೇರೆ ಕಾಗದಕ್ಕೆ ಅಂಟಿಸಿ ಇಟ್ಟಿದ್ದರು. ಒಂದು ಆರ್ ನಗರಸಭೆಯದ್ದಾಗಿದ್ದರೆ ಅದರ ತೀರ್ವೆಯನ್ನು ಇವರಿಂದ ಇಷ್ಟು ಕಾಲ ವಸೂಲಿ ಮಾಡಿದ್ದು ಹೇಗೆ ಎಂಬ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರವಿರಲಿಲ್ಲ. ತಾಲೂಕು ಸರ್ವೆಯವರ ನಕ್ಷೆಯಲ್ಲಿಯೂ ಆ ಪಟ್ಟಿಗೆ ಪ್ರತ್ಯೇಕ ಉಪವಿಭಾಗ ಆಗಿರಲಿಲ್ಲ. ರಿಜಿಸ್ಟರಿನ ನಮೂದನ್ನು 'ಪೈಪು ಹಾಕುವ ಹಕ್ಕು ಮಾತ್ರ' ಎಂದು ತಿದ್ದಲು ಕಾರ್ಯದರ್ಶಿ ಆದೇಶಿಸಿದರು. ಆಮೇಲೆ ಕಡತದ ವಿಷಯವೇ ಬದಲಾಯಿತು. ಮಾರಾಟ ಹೋಗಿ ಖುಲಾಸೆ ಬಂತು.

ಮಳೆಯಲ್ಲಿ ತೆರೆದ ಚೇಂಬರ್

ಇಂಜಿನಿಯರಿಂಗ್ ವಿಭಾಗದವರು ಬೇಸಿಗೆಯಲ್ಲಿ ಬಂದು ನೋಡಿದ್ದರು. ಜಾಗದ ನಡುವಿನ ಚೇಂಬರಿನ ಮುಚ್ಚಳ ಎಬ್ಬಿಸಿದಾಗ ಒಳಗೆ ಒಣ ಮಣ್ಣು, ಪೈಪಿನ ಬಾಯಿಯ ತುಂಬ ತೆಂಗಿನ ಬೇರು. ಪೈಪು ಬಳಕೆಯಲ್ಲಿಲ್ಲವೆಂದು ವರದಿ ಬರೆಯಲು ಅಷ್ಟು ಸಾಕಿತ್ತು. ಆದರೆ ಆ ವಿಭಾಗದ ಓವರ್‌ಸಿಯರ್ ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದರು. ಅಂದು ಅದು ವೃಥಾ ವಿಳಂಬವೆಂದು ಕುಟುಂಬದವರಿಗೆ ಬೇಸರವಾದದ್ದುಂಟು.

ಜೂನ್ ನಡುವಿನ ಒಂದು ಜಡಿಮಳೆಯಲ್ಲಿ ಅದೇ ಮುಚ್ಚಳ ಎಬ್ಬಿಸಿದರೆ ಚೇಂಬರಿನೊಳಗೆ ಕೆಂಪು ನೀರು ಸುತ್ತುತ್ತಿತ್ತು. ರಸ್ತೆಯ ಕಡೆಯ ಬಾಯಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಉತ್ತರದ ಗೋಡೆಯಲ್ಲಿ ಮುರಕಲ್ಲು ಜರಿದು ಆಗಿದ್ದ ಒಂದು ಗೇಣಿನ ತೂತಿನಿಂದ, ಮೇಲಿನ ಎರಡು ಮನೆಗಳ ಅಂಗಳದ ನೀರು ಇಳಿದು ಬಂದು, ಬೇರುಗಳ ಸಂದಿನಿಂದ ನಿಧಾನವಾಗಿ ತೋಡಿನತ್ತ ಜಾರುತ್ತಿತ್ತು. ನಗರಸಭೆಗೆ ಬೇಡವಾದ ಪೈಪು ನೆರೆಯವರಿಗೆ ಬೇಕಾಗಿತ್ತು, ಮತ್ತು ಅದು ಅವರಿಗೂ ಗೊತ್ತಿರಲಿಲ್ಲ. ಸುದ್ದಿ ತಿಳಿದೊಡನೆ ಮೇಲಿನ ಮನೆಯ ಹಿರಿಯರು ಬಂದು, "ಪೈಪು ತೆಗೆದರೆ ನಮ್ಮ ಅಂಗಳದ ನೀರು ಎಲ್ಲಿಗೆ ಹೋಗಬೇಕು ಮಗಳೇ? ನಮ್ಮ ಬಾವಿಗೇ ಇಳಿಯುತ್ತದಲ್ಲ" ಎಂದರು. ಎರಡು ದಿನಗಳೊಳಗೆ ಅವರ ಆಕ್ಷೇಪಣೆ ನಗರಸಭೆಗೆ ಲಿಖಿತವಾಗಿ ತಲುಪಿತು.

ಕಾನೂನಿನ ದೃಷ್ಟಿಯಿಂದ ಇಲ್ಲಿ ಎರಡು ಬೇರೆಬೇರೆ ಸಂಗತಿಗಳಿದ್ದವು. ರಸ್ತೆಯ ನೀರಿಗಾಗಿ ತಂದೆಯವರು ಕೊಟ್ಟ ಹಕ್ಕು ನಗರಸಭೆಯದ್ದು; ನೆರೆಯವರಿಗೆ ಅದರಲ್ಲಿ ಪಾಲಿಲ್ಲ. ಆದರೆ ಮೇಲಿನ ಜಾಗದಲ್ಲಿ ಬಿದ್ದ ಮಳೆನೀರು ನಿರ್ದಿಷ್ಟ ಕಾಲುವೆಯಿಲ್ಲದೆ ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯಲು ಬಿಡಬೇಕೆಂಬುದನ್ನು ಅದೇ 1882ರ ಕಾಯಿದೆಯ 7ನೆಯ ಕಲಮಿನ ದೃಷ್ಟಾಂತವೊಂದು ಪ್ರತಿಯೊಬ್ಬ ಭೂಮಾಲಿಕನ ಸಹಜ ಹಕ್ಕೆಂದು ಹೇಳುತ್ತದೆ. ಅದಕ್ಕೆ ಯಾರ ದಸ್ತಾವೇಜೂ ಬೇಡ. ನಗರಸಭೆ ತನ್ನ ಹಕ್ಕನ್ನು ಬಿಟ್ಟರೂ ಅದು ಹಾಗೆಯೇ ಇರುತ್ತದೆ. ಒಡತಿಯ ವಕೀಲರು ಆಕ್ಷೇಪಣೆಯನ್ನು ತಳ್ಳಿಹಾಕುವಂತೆ ವಾದಿಸಬಹುದಿತ್ತು, ಏಕೆಂದರೆ ಪೈಪಿನ ವಿಷಯದಲ್ಲಿ ನೆರೆಯವರಿಗೆ ಮಾತಾಡುವ ಅಧಿಕಾರವಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಮನೆಯ ಪಂಚಾಂಗ ಎದ್ದ ಮೇಲೆ ಆ ನೀರು ಗೋಡೆಗೆ ಬಡಿಯುವುದು ಖಚಿತವೆಂದೂ, ಜಗಳ ಆಗ ಶುರುವಾದರೆ ತಡೆಯಾಜ್ಞೆಯವರೆಗೆ ಹೋಗುತ್ತದೆಂದೂ ಅವರು ಒಡತಿಗೆ ಮನಗಾಣಿಸಿದರು.

ಉತ್ತರದ ಗಡಿಗೆ ತಾಗಿಕೊಂಡು, ಪಾಗಾರದ ಒಳಬದಿಯಲ್ಲಿ, ಒಂದೂವರೆ ಅಡಿ ಅಗಲದ ತೆರೆದ ಕಣಿ (ಸಣ್ಣ ನೀರ್ಗಾಲುವೆ) ಕಟ್ಟಿ ತೋಡಿಗೆ ಸೇರಿಸುವುದೆಂದು ಒಪ್ಪಂದವಾಯಿತು. ಕಣಿ ಕಟ್ಟುವ ಖರ್ಚು ಒಡತಿಯದು, ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಅದನ್ನು ಕಸಕಡ್ಡಿ ತೆಗೆದು ಶುಚಿ ಮಾಡುವ ಹೊಣೆ ಮೇಲಿನ ಎರಡು ಮನೆಗಳದು. ಇದನ್ನು ಮೂರು ಕಡೆಯವರೂ ಬರವಣಿಗೆಗೆ ಇಳಿಸಿ ಸಹಿ ಹಾಕಿದರು, ಆಕ್ಷೇಪಣೆ ಹಿಂದಕ್ಕೆ ಹೋಯಿತು. ಓವರ್‌ಸಿಯರರ ಹಟವಿಲ್ಲದಿದ್ದರೆ ಈ ನೀರು ಬೆಳಕಿಗೆ ಬರುತ್ತಿದ್ದದ್ದು ಹೊಸ ಅಡುಗೆಮನೆಯ ನೆಲದಲ್ಲಿ. ಚರಂಡಿ, ಪೈಪು, ತೋಡಿನ ವಿಚಾರದಲ್ಲಿ ಬೇಸಿಗೆಯ ತನಿಖೆಯೊಂದನ್ನೇ ನಂಬಬಾರದು. ನಮ್ಮ ಜಿಲ್ಲೆಯಂತೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವ ಕಡೆ ಇದು ಇನ್ನಷ್ಟು ನಿಜ.

ಕೌನ್ಸಿಲ್ ಮುಂದೆ

ಮರಾಮತ್ತು ಸ್ಥಾಯಿ ಸಮಿತಿ ಶಿಫಾರಸು ಮಾಡಿತು. ಕೌನ್ಸಿಲ್ ಸಭೆಯಲ್ಲಿ ಮಾತ್ರ ಚರ್ಚೆ ಬಿಸಿಯಾಯಿತು. ಸಾರ್ವಜನಿಕ ಹಕ್ಕನ್ನು ಒಬ್ಬರಿಗೆ ಉಚಿತವಾಗಿ ಬಿಟ್ಟುಕೊಡುವುದು ಎಷ್ಟು ಸರಿ, ನಾಳೆ ಇನ್ನೊಬ್ಬರು ಬಂದರೆ ಏನು ಹೇಳುವುದು ಎಂದು ಒಬ್ಬ ಸದಸ್ಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಗರಸಭೆಯ ಹಕ್ಕು ಊರವರೆಲ್ಲರ ಹಕ್ಕು, ಅದನ್ನು ಕೈಬಿಡುವವರು ಉತ್ತರ ಹೇಳಲೇಬೇಕು. ಇಂಜಿನಿಯರರ ವರದಿ ಅದಕ್ಕೆ ಎರಡು ರೀತಿಯಲ್ಲಿ ಉತ್ತರಿಸಿತು. ಹೊಸ ಚರಂಡಿಯ ಸಾಮರ್ಥ್ಯ ಹಳೆಯ ಪೈಪಿಗಿಂತ ಎಷ್ಟೋ ಹೆಚ್ಚಿರುವುದರಿಂದ ರಸ್ತೆಗೆ ಈ ಪಟ್ಟಿ ಮುಂದೆಯೂ ಬೇಕಾಗದು ಎಂಬುದು ಮೊದಲನೆಯದು. ಮಣ್ಣಿನಡಿಯ ಹಳೆಯ ಪೈಪು ಕುಸಿದು ಜಾಗಕ್ಕೆ ಹಾನಿಯಾದರೆ ಹಕ್ಕು ಇಟ್ಟುಕೊಂಡವರೇ ಹೊಣೆಯಾಗುತ್ತಾರೆ, ಆದುದರಿಂದ ಇದು ನಗರಸಭೆಗೆ ಲಾಭಕ್ಕಿಂತ ಹೊರೆ ಎಂಬುದು ಎರಡನೆಯದು. ಪ್ರತಿಫಲವಿಲ್ಲದೆ ಪಡೆದದ್ದನ್ನು ಪ್ರತಿಫಲವಿಲ್ಲದೆ ಹಿಂದಿರುಗಿಸುವುದರಲ್ಲಿ ನಷ್ಟವಿಲ್ಲ ಎಂಬ ಮಾತನ್ನು ಇನ್ನೊಬ್ಬ ಸದಸ್ಯರು ಸೇರಿಸಿದರು. ಮುದ್ರಾಂಕ, ನೋಂದಣಿ ಮತ್ತಿತರ ಎಲ್ಲ ಖರ್ಚು ಅರ್ಜಿದಾರರದು, ಹಳೆಯ ಪೈಪಿನ ಮೇಲೆ ನಗರಸಭೆಗೆ ಹಕ್ಕೂ ಇಲ್ಲ ಹೊಣೆಯೂ ಇಲ್ಲ ಎಂಬ ಷರತ್ತಿನೊಂದಿಗೆ ನಿರ್ಣಯ ಪಾಸಾಯಿತು.

ಆದರೂ ನಗರಸಭೆಯ ವಕೀಲರು ಒಂದು ಎಚ್ಚರಿಕೆಯ ಟಿಪ್ಪಣಿ ಬರೆದಿದ್ದರು. 38ನೆಯ ಕಲಮಿನಂತೆ, ಹಕ್ಕುಳ್ಳವರು ತಮ್ಮ ಸ್ವತ್ತನ್ನು ಎಷ್ಟರಮಟ್ಟಿಗೆ ಪರಭಾರೆ ಮಾಡಬಲ್ಲರೋ ಅಷ್ಟರಮಟ್ಟಿಗೆ ಮಾತ್ರ ಅನುಭೋಗದ ಹಕ್ಕನ್ನು ಬಿಟ್ಟುಕೊಡಬಲ್ಲರು. ಇಲ್ಲಿ ಸ್ವತ್ತೆಂದರೆ ಸಾರ್ವಜನಿಕ ರಸ್ತೆ. ರಸ್ತೆಯನ್ನು ನಗರಸಭೆ ತನ್ನಿಷ್ಟದಂತೆ ಪರಭಾರೆ ಮಾಡಲಾರದು, ಆದ್ದರಿಂದ ಸರಕಾರದ ಅನುಮತಿ ಪಡೆಯುವುದು ಕ್ಷೇಮ ಎಂದು ಅವರ ಸಲಹೆ. ಹಕ್ಕನ್ನು ಬಿಡುವುದು ರಸ್ತೆಯನ್ನು ಬಿಟ್ಟಂತಲ್ಲ ಎಂದು ವಾದಿಸಲು ಒಡತಿಯ ವಕೀಲರು ಸಿದ್ಧರಿದ್ದರು, ವಾದದಲ್ಲಿ ಹುರುಳೂ ಇತ್ತು. ಆದರೆ ಅನುಮತಿ ಬೇಡವೆಂದು ಇಂದು ಗೆದ್ದರೂ, ಹತ್ತು ವರ್ಷಗಳ ನಂತರ ಬೇರೊಂದು ಬ್ಯಾಂಕಿನ ವಕೀಲರು ಅನುಮತಿ ಎಲ್ಲಿ ಎಂದು ಕೇಳುವುದು ನಿಶ್ಚಿತ. ತಡವಾದರೂ ಅನುಮತಿ ಪಡೆಯುವುದೆಂದು ಒಡತಿ ತೀರ್ಮಾನಿಸಿದರು. ಪ್ರಕರಣದಲ್ಲಿ ಅತಿ ಹೆಚ್ಚು ಕಾಲ ಹಿಡಿದದ್ದು ಇದೇ. ಹೇಳಲು ಅತಿ ಕಡಿಮೆ ಇರುವುದೂ ಇದರ ಬಗ್ಗೆಯೇ. ರಿಜಿಸ್ಟರಿನ ನಮೂದು ಮೊದಲೇ ತಿದ್ದಿಯಾಗಿದ್ದರಿಂದ ಮೇಲಿನ ಕಚೇರಿಯಿಂದ ಭೂಮಿಯ ಬೆಲೆಯ ಪ್ರಶ್ನೆ ಮತ್ತೆ ಬರಲಿಲ್ಲ.

ಖುಲಾಸೆ ಪತ್ರದ ಬರವಣಿಗೆ

ಕೌನ್ಸಿಲ್ ನಿರ್ಣಯದ ನಕಲು ಕೈಗೆ ಬಂದಾಗ ಕೆಲಸ ಮುಗಿಯಿತೆಂದು ಕುಟುಂಬದವರು ಭಾವಿಸಿದ್ದರು. ನಿರ್ಣಯವೆಂದರೆ ಬಿಟ್ಟುಕೊಡುವ ತೀರ್ಮಾನವೇ ಹೊರತು ಬಿಟ್ಟುಕೊಟ್ಟದ್ದಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಹಕ್ಕನ್ನು ಸೃಷ್ಟಿಸುವ ಪತ್ರದಂತೆಯೇ ಅದನ್ನು ಅಳಿಸುವ ಪತ್ರವನ್ನೂ 1908ರ ನೋಂದಣಿ ಕಾಯಿದೆಯ 17ನೆಯ ಕಲಮಿನಂತೆ ನೋಂದಾಯಿಸಲೇಬೇಕು. ನೋಂದಾಯಿತ ದಸ್ತಾವೇಜಿನಿಂದ ಹುಟ್ಟಿದ ಹಕ್ಕನ್ನು ಕಚೇರಿಯ ಪತ್ರವೊಂದರಿಂದ ಅಳಿಸಿಕೊಂಡು ಬಂದವರು ಮುಂದಿನ ಮಾರಾಟದ ಹೊತ್ತಿಗೆ ಮತ್ತೆ ಅದೇ ಮೆಟ್ಟಿಲು ಹತ್ತಿದ್ದನ್ನು ನಾನು ಬೇರೆ ಕಡತಗಳಲ್ಲಿ ನೋಡಿದ್ದೇನೆ.

ಇಲ್ಲಿಯ ಆಧಾರ ಬರಹಗಾರರು 'ಒಳಿಮುರಿ' ಎಂದು ಕರೆಯುವ ಹಕ್ಕು ಖುಲಾಸೆ ಪತ್ರದ ಕರಡು ಎರಡು ಬಾರಿ ಬದಲಾಯಿತು. ಮೊದಲ ಕರಡಿನಲ್ಲಿ ಆ ಪಟ್ಟಿಯ ಭೂಮಿಯನ್ನು ನಗರಸಭೆ 'ಹಿಂದಿರುಗಿಸುತ್ತದೆ' ಎಂದಿತ್ತು. ಭೂಮಿ ಎಂದೂ ನಗರಸಭೆಯದ್ದಾಗಿರಲಿಲ್ಲವಾದ್ದರಿಂದ, ಮೂಲ ದಸ್ತಾವೇಜಿನ ಸಂಖ್ಯೆ, ವರ್ಷ ಮತ್ತು ಪುಸ್ತಕವನ್ನು ಉಲ್ಲೇಖಿಸಿ, ಅದರಿಂದ ದೊರೆತ ಪೈಪು ಹಾಕುವ, ದುರಸ್ತಿಗೆ ಪ್ರವೇಶಿಸುವ ಮತ್ತು ಕಟ್ಟಡ ತಡೆಯುವ ಹಕ್ಕುಗಳನ್ನು ಮಾತ್ರ ಖುಲಾಸೆ ಮಾಡುವುದಾಗಿ ತಿದ್ದಲಾಯಿತು. ಕಟ್ಟಡ ತಡೆಯುವ ಷರತ್ತನ್ನು ಹೆಸರಿಸಿ ಹೇಳಬೇಕೆಂದು ಒತ್ತಾಯಿಸಿದವರು ಬ್ಯಾಂಕಿನ ವಕೀಲರು. ನೋಂದಣಿಗೆ ಮೊದಲೇ ಕರಡನ್ನು ಅವರಿಗೆ ತೋರಿಸಿದ್ದು ಒಳ್ಳೆಯದಾಯಿತು. ಎರಡನೆಯ ತಿದ್ದುಪಡಿ ನಕ್ಷೆಯದು. ಪಟ್ಟಿಯನ್ನು ಬಣ್ಣದಲ್ಲಿ ಗುರುತಿಸಿದ ನಕ್ಷೆಯನ್ನು ಪತ್ರದ ಭಾಗವಾಗಿಸಿ, ಅದರ ಮೇಲೂ ಕಾರ್ಯದರ್ಶಿಯ ಸಹಿ ಹಾಕಿಸಲಾಯಿತು. ಕೌನ್ಸಿಲ್ ನಿರ್ಣಯದ ಸಂಖ್ಯೆ ಮತ್ತು ಸರಕಾರದ ಅನುಮತಿಯ ವಿವರ ಪತ್ರದ ಒಡಲಲ್ಲೇ ಬಂದವು. ಹೀಗಾಗಿ, ಎಷ್ಟೋ ವರ್ಷಗಳ ನಂತರ ಕಡತ ಕಳೆದುಹೋದರೂ ಕಾರ್ಯದರ್ಶಿಗೆ ಸಹಿ ಹಾಕುವ ಅಧಿಕಾರವಿತ್ತೆಂಬುದು ಪತ್ರದಿಂದಲೇ ತಿಳಿಯುತ್ತದೆ.

ನೆರೆಯವರೊಂದಿಗಿನ ಕಣಿಯ ಒಪ್ಪಂದವನ್ನು ಇದೇ ಪತ್ರದಲ್ಲಿ ಸೇರಿಸಬೇಕೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಒಂದೇ ಖರ್ಚಿನಲ್ಲಿ ಎರಡೂ ಮುಗಿಯುತ್ತದೆಂದು ಆಧಾರ ಬರಹಗಾರರು ಹೇಳಿದರು. ವಕೀಲರು ಒಪ್ಪಲಿಲ್ಲ. ನಗರಸಭೆಗೆ ಸಂಬಂಧವಿಲ್ಲದ ಒಪ್ಪಂದದಲ್ಲಿ ನಗರಸಭೆಯನ್ನು ಪಕ್ಷವಾಗಿಸಿದರೆ, ನಾಳೆ ಕಣಿಯಲ್ಲಿ ಏನಾದರೂ ವ್ಯಾಜ್ಯ ಬಂದಾಗ ಮತ್ತೆ ಕಾರ್ಯದರ್ಶಿಯ ಸಹಿ ಬೇಕೆಂಬ ಮಾತು ಹುಟ್ಟುತ್ತದೆ. ಅದನ್ನು ಪ್ರತ್ಯೇಕವಾಗಿ, ಒಡತಿ ಮತ್ತು ಎರಡು ಮನೆಯವರ ನಡುವೆ ಮಾತ್ರ ನೋಂದಾಯಿಸಲಾಯಿತು. ಖರ್ಚು ಸ್ವಲ್ಪ ಹೆಚ್ಚಾಯಿತು, ಆದರೆ ಈ ಬೇರ್ಪಡಿಕೆ ಸರಿಯಾದದ್ದೆಂದೇ ನನಗನಿಸುತ್ತದೆ.

ಫಲಿತಾಂಶ

ಖುಲಾಸೆ ಪತ್ರ ನೋಂದಣಿಯಾದ ನಂತರದ ಬಾಧ್ಯತಾ ಪ್ರಮಾಣಪತ್ರದಲ್ಲಿ ಎರಡೂ ಪತ್ರಗಳು ಕಾಣಿಸಿಕೊಂಡವು. ಬ್ಯಾಂಕ್ ಸಾಲ ಮಂಜೂರು ಮಾಡಿತು. ಕಟ್ಟಡದ ನಕ್ಷೆಯಲ್ಲಿ ಕಣಿಯನ್ನು ತೋರಿಸಿ ಹೊಸದಾಗಿ ಅರ್ಜಿ ಹಾಕಿದಾಗ ಪರವಾನಗಿಯೂ ಸಿಕ್ಕಿತು. ಹಳೆಯ ಪೈಪಿನಲ್ಲಿ ಪಂಚಾಂಗಕ್ಕೆ ಅಡ್ಡ ಬಂದ ಭಾಗವನ್ನು ತೆಗೆದು, ಉಳಿದ ಭಾಗವನ್ನು ಟೊಳ್ಳು ಉಳಿಯದಂತೆ ಮಣ್ಣು ಕಾಂಕ್ರೀಟಿನಿಂದ ತುಂಬಿಸಲಾಯಿತು. ತುಂಬಿಸದೆ ಬಿಟ್ಟರೆ ಮಳೆಯಲ್ಲಿ ನೀರು ಆ ಟೊಳ್ಳನ್ನು ಹುಡುಕಿ ಪಂಚಾಂಗದಡಿ ಹೋಗುತ್ತದೆ ಎಂದದ್ದು, ಮೊದಲ ದಿನ ಎಲ್ಲವನ್ನೂ ಕಿತ್ತು ಬಿಸಾಡಿ ಎಂದಿದ್ದ ಅದೇ ಕಂಟ್ರಾಕ್ಟರರು.

ಇಂತಹದ್ದೇ ಪಟ್ಟಿ ಜಾಗದಲ್ಲಿರುವವರು ಕೆಲಸವನ್ನು ಯಾವ ಕ್ರಮದಲ್ಲಿ ಹಿಡಿಯಬೇಕೆಂಬುದಕ್ಕೆ ಈ ಕಡತ ಒಂದು ಮಾದರಿಯಾಗಬಹುದು. ಮೂಲ ದಸ್ತಾವೇಜನ್ನು ತೆಗೆಸಿ, ಕೊಟ್ಟದ್ದು ಭೂಮಿಯೋ ಹಕ್ಕೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅರ್ಜಿ ಹಾಕುವುದಕ್ಕಿಂತ ಮುಂಚೆಯೇ ನಗರಸಭೆಯ ಅಥವಾ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಅದು ಹೇಗೆ ನಮೂದಾಗಿದೆ ಎಂದು ನೋಡುವುದು ಒಳ್ಳೆಯದು. ಈ ಪ್ರಕರಣದಲ್ಲಿ ಅದು ಅರ್ಜಿಯ ನಂತರ ಗೊತ್ತಾದುದರಿಂದ ಒಂದು ತಪ್ಪು ಉತ್ತರ ಕಡತದಲ್ಲಿ ದಾಖಲಾಯಿತು, ಅದನ್ನು ಹಿಂದೆಗೆಸಲು ಪ್ರತ್ಯೇಕ ಶ್ರಮವೇ ಬೇಕಾಯಿತು. ಹಕ್ಕು ನೀರಿಗೆ ಸಂಬಂಧಿಸಿದ್ದಾದರೆ ಮಳೆಗಾಲದಲ್ಲೊಮ್ಮೆ ಸ್ಥಳ ನೋಡಿ, ಮೇಲಿನ ಜಾಗದವರೊಂದಿಗೆ ಮಾತಾಡಿದ ಮೇಲೆಯೇ ಕೌನ್ಸಿಲಿಗೆ ಹೋಗಬೇಕು. ಕುಡಿಯುವ ನೀರಿನ ಪೈಪಾದರೆ ಇನ್ನೂ ಒಂದು ಹೆಜ್ಜೆ ಹೆಚ್ಚು. ಕೇರಳದಲ್ಲಿ 1984ರಲ್ಲಿ ಜಲ ಪ್ರಾಧಿಕಾರ ಸ್ಥಾಪನೆಯಾದ ಬಳಿಕ ನೀರು ಸರಬರಾಜಿನ ಆಸ್ತಿಗಳು ಬಹುಮಟ್ಟಿಗೆ ಅದಕ್ಕೆ ಹೋಗಿರುವುದರಿಂದ, ಹಳೆಯ ದಸ್ತಾವೇಜಿನಲ್ಲಿ ಸ್ಥಳೀಯ ಸಂಸ್ಥೆಯ ಹೆಸರಿದ್ದರೂ ಇಂದು ಖುಲಾಸೆಗೆ ಸಹಿ ಹಾಕಬೇಕಾದವರು ಯಾರೆಂಬುದನ್ನು ಎರಡೂ ಕಚೇರಿಗಳಿಂದ ಲಿಖಿತವಾಗಿ ಪಡೆದುಕೊಂಡೇ ಮುಂದುವರಿಯಬೇಕಾಗುತ್ತದೆ.